ಎಂಟು ಸಾಕು

ನೀರಿಲ್ಲದ ಟಾಡ್ ನದಿಗೆ ಬೆನ್ನು ಹಾಕಿದ ಅಂಗಡಿ.
ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಹಳೆ ದುರ್ಬೀನು ಸಿಗುವುದು ಇಲ್ಲೇ.
ಹನ್ನೆರಡು ಪಟ್ಟು ಹತ್ತಿರ ತೋರಿಸುವುದೇ ಬೇಕು ಅಂದೆ;
ದುಡ್ಡನ್ನೂ ಅದಕ್ಕೇ ಎಣಿಸಿ ತಂದಿದ್ದೆ.

ಡಾರೀನ್ ಬಾಗಿಲಿಗೆ ಕರೆದಳು.
‘ಆಚೆ ಆ ಟ್ಯಾಂಕಿದೆಯಲ್ಲ, ಮೇಲೇನು ಬರೆದಿದೆ ಓದು.’
ಅಕ್ಷರ ಆಳೆತ್ತರ ಬಂದವು, ನಿಲ್ಲಲಿಲ್ಲ.
ಒಗ್ಗರಣೆಯ ಸಾಸಿವೆ.
ಅಲ್ಲಿ ಜಿಗಿಯುತ್ತಿದ್ದದ್ದು ನನ್ನದೇ ಎದೆಬಡಿತ.

‘ನೆರಳಲ್ಲಿ ಕೂತು ಚಹಾ ಕುಡಿದು ಬಂದ ಕೈ ಇದು.
ಎರಡು ದಿನ ನೀರಿಲ್ಲದೆ ಇರಲಿ, ಆಮೇಲೆ ನೋಡು,’
ಅಂದವಳು ಎಂಟರದ್ದೊಂದು ಕೊರಳಿಗೆ ಹಾಕಿದಳು.
ರಬ್ಬರು ಸವೆದಿದೆ. ಪಟ್ಟಿಯ ತುಂಬ ಯಾರದೋ ಬೆವರಿನ ಉಪ್ಪು.

ಅವಳಿಗೆ ನಾನು ಹೇಳಿರಲಿಲ್ಲ:
ಹೋದ ನವೆಂಬರ್, ಕ್ಲಿನಿಕ್ಕಿನ ಜೀಪು ಆಕ್ಸಲ್ ಮುರಿದು ಕೂತ ದಿನ,
ಲಸಿಕೆ ಪೆಟ್ಟಿಗೆಯ ಐಸು ಕರಗಿಸಿ ಕುಡಿಯುತ್ತ
ನಾನೂ ಕ್ಲೈವನೂ ಮಧ್ಯಾಹ್ನವಿಡೀ
ಒಂದು ಬಿಸಿಲ್ಗುದುರೆಯನ್ನು ಕೆರೆಯೆಂದೇ ನಂಬಿ
ಯಾರು ಮೊದಲು ಹೋಗುವುದೆಂದು ಜಗಳವಾಡಿದ್ದು.

‘ನೀರು ಹುಡುಕಬೇಡ,’ ಅಂದಳು, ಏನೋ ಗೊತ್ತಿದ್ದವಳ ಹಾಗೆ.
‘ನೀರು ಸುಳ್ಳು ಹೇಳುತ್ತೆ. ಫಿಂಚ್ ಹಕ್ಕಿ ಹುಡುಕು.
ಸಂಜೆ ಅವು ತಗ್ಗಿ ಹಾರಿದತ್ತ ನಡಿ.
ಅಗಲ ಕಾಣಬೇಕು ಅದಕ್ಕೆ. ದೂರ ಅಲ್ಲ.’

ಉಳಿದ ದುಡ್ಡಿಗೆ ಎರಡು ಕ್ಯಾನು ಕೊಂಡೆ, ಇಪ್ಪತ್ತು ಲೀಟರಿನವು.
ಹೊರಡುವ ಮೊದಲು ಮತ್ತೊಮ್ಮೆ ಟ್ಯಾಂಕಿನತ್ತ ಎತ್ತಿ ಹಿಡಿದೆ.
ಅಕ್ಷರ ಸಣ್ಣವು. ಅಲುಗದೆ ನಿಂತಿದ್ದವು:
ಕುಡಿಯುವ ನೀರಲ್ಲ.