ಎರಡು-ನಾಕರ ಕೈ

ದುರ್ಗದಬೈಲಿನ ವಾಚಿನಂಗಡ್ಯಾಗ ಎ.ಸಿ. ಹಾಕಿದ್ರು.
ಗಾಜಿನ ಬಾಗಲಾ ದೂಡಿ ಒಳಗ ಹೋದ್ರ
ಗಿರಮಿಟ್ಟಿನ ವಾಸನಿ ಹೊರಗಽ ಉಳೀತು.
"ಸೈಜ್ ಎಷ್ಟ್ರಿ ಅಕ್ಕಾರ?" ಅಂದ ಹುಡುಗ.
"ಎರಡು-ನಾಕು" ಅಂದೆ.
ಅವ ಕಣ್ಣು ಪಿಳಿಪಿಳಿ ಮಾಡಿದ. ಮಿಲಿಮೀಟರಿನ ಮಾತು ಅವಂದು.

ನಾವು ಹಾವೇರಿ ಬಳಿಗಾರರು.
ಇಪ್ಪತ್ತಾರು ವರ್ಷ ಆತು, ನನ್ನ ಕೈ ಮಂದಿ ಕೈ ಹಿಡಕೋತ ಬಂದೈತಿ.
ಹೆಬ್ಬೆರಳಿನ ಬುಡಾ ಒತ್ತಿ, ಅಂಗೈ ದೋಣಿಯಂಗ ಮಡಚಿ,
"ಇತ್ತಾಗ ನೋಡಬ್ಯಾಡ್ರಿ, ಅತ್ತಾಗ ನೋಡ್ರಿ" ಅಂತ ಮಾತಿಗೆ ಹಚ್ಚಿ
ಒಂದ ಉಸಿರಿನ್ಯಾಗ ಗಾಜು ದಾಟಿಸೋದು.
ರೊಟ್ಟಿ ಬಡಿಯೋ ಕೈ ಅಗಲ.
ಕುಬಸದ ಕೈ ಬಾತಿರತೈತಿ, ಎರಡು-ಹತ್ತೂ ಒಲ್ಲೆ ಅಂತೈತಿ.
ಬ್ಯಾಡಗಿ ಮೆಣಸಿನಕಾಯಿ ತೊಟ್ಟು ಮುರಿದು ಬಂದಾಕಿ ಕೈ ಹಿಡಿದ ದಿನ
ರಾತ್ರಿ ನನ್ನ ಕಣ್ಣು ಉರೀತಾವು.

ಈ ಹುಡುಗ ಮುಟ್ಟಲಿಲ್ಲ.
ಕರೀ ಮಖಮಲ್ಲಿನ ದಿಂಬಿನ ಮ್ಯಾಲ ಒಂದೊಂದಽ ಮಲಗಿಸಿ
ದೂರ ಸರಿದು ನಿಂತ,
ತೊಟ್ಟಲದಾಗಿನ ಕೂಸು ತೋರಿಸಿದಂಗ.
ಎಲ್ಲಾ ವಾಚಿನ್ಯಾಗೂ ಹತ್ತೂ ಹತ್ತು.
ಹೊರಗ ಮೂರೂವರಿ ಬಿಸಲು.

ಟೈಮ್ ಬೇಕಾಗಿ ಬಂದಿಲ್ಲ ನಾನು.
ಟೈಮ್ ಫೋನಿನ್ಯಾಗ ಐತಿ,
ಅದೂ ಸತ್ರ ನಳದ ನೀರು ಬಿಟ್ಟ ಸಪ್ಪಳದಾಗ ಐತಿ.
ಚಂದಕ್ಕ ಬಂದೀನಿ. ಬರೇ ಚಂದಕ್ಕ.
ಇಷ್ಟು ಬಾಯಿ ಬಿಟ್ಟು ಹೇಳಾಕ ಅರ್ಧಾ ತಾಸು ಹಿಡೀತು,
ದಿನಾ ನೂರು ಮಂದಿಗೆ "ಚಂದ ಕಾಣತೈತ್ರಿ, ತಗೋರಿ" ಅನ್ನಾಕಿಗೆ.

ಸಂಗಾಟ ಬಂದಿದ್ದ ತಂಗಿ ಮಗಳು ದಾನೇಶ್ವರಿ
ಕುರ್ಚಿ ಮ್ಯಾಲಿಂದಽ ತೀರ್ಪು ಕೊಟ್ಟಳು:
"ರೋಸ್ ಗೋಲ್ಡ್ ತಗೋ ದೊಡ್ಡವ್ವ, ಎಲ್ಲಾ ಸೀರಿಗೂ ಒಪ್ಪತೈತಿ."
ಎಲ್ಲಾ ಸೀರಿಗೂ ಒಪ್ಪೂದು ಒಂದು ಬಣ್ಣ ಏನು?
ದಾಳಿಂಬರಿ ಕೆಂಪಿಗೂ ಕುಂಕುಮದ ಕೆಂಪಿಗೂ
ಜಗಳ ಬಿಡಿಸಿದಾಕಿ ನಾನು.
ಸರಪಳಿಯಂಥಾದ್ದು ಹಾಕಿ ನೋಡಿದೆ, ಥೇಟ್ ಬಳಿ.
ಬಳಿ ಬೇಕಾದ್ರ ಮನ್ಯಾಗ ಮಂಚದ ಕೆಳಗ ಪೆಟಗಿ ಪೆಟಗಿ ಅದಾವು.
ಹರಳಿನ ವಾಚಿಗೆ ಉಗುರು ತಾಗಿಸಿ ನೋಡಿದೆ,
ಅಂಟು ಬಿಡೋ ಹರಳಿನ ಜಾತಿ ನನಗ ಗೊತ್ತು.
ಹುಡುಗನ ಎದಿ ಧಸಕ್ಕಂತು.

ಕಡೀಕ, ಕಪಾಟಿನ ಮೂಲ್ಯಾಗ ಕಂಡಿತೊಂದು:
ಕಂದು ತೊಗಲಿನ ಪಟ್ಟಿ,
ಮುಳಗಾಯಿ ಬಣ್ಣದ ಮುಖ,
ಅಂಕಿ ಇಲ್ಲ, ನಾಕು ಗೀಟು ಅಷ್ಟಽ.
ಕಟ್ಟಿಕೊಳ್ಳಾಕ ಎಡಗೈ ಬಳಿ ತಗೀಬೇಕಾತು.
ಹಸರು ನಾಕು.
ಮೂರು ಬಂದವು. ಒಂದು ಹೆಚ್ಚಿತು.

ಒಡೀತು ಅನ್ನೂದಿಲ್ಲ ನಾವು. ಹೆಚ್ಚಿತು ಅಂತೀವಿ.

"ಇದು ನಿಂತ್ರ?" ಅಂತ ಕೇಳಿದೆ.
"ವಾರಂಟಿ ಐತ್ರಿ, ಒಂದು ವರ್ಷ."
ನಿಂತದ್ದಕ್ಕ ಒಂದು ಒಳ್ಳೇ ಮಾತು
ಇವರು ಇನ್ನೂ ಹುಡುಕಿಕೊಂಡಿಲ್ಲ.
ಪಾಪ, ಹೊಸಾ ಕಸಬು.

ಕಡೀ ತೂತಿನ್ಯಾಗೂ ಪಟ್ಟಿ ಸಡ್ಲಾತು.
ದಬ್ಬಳ ತಗೊಂಡು ಇನ್ನೊಂದು ತೂತು ಹಾಕಬೇಕಂದ್ರ
ಅಳತಿ ಬೇಕಲ್ಲ?
ಹುಡುಗ ಎರಡು ಬೆರಳಿಲೆ, ಅಂಜಿಕೋತ,
ನನ್ನ ಮಣಿಕಟ್ಟು ಹಿಡಿದ.
ಎಷ್ಟು ವರ್ಷ ಆಗಿತ್ತೋ
ಇನ್ನೊಬ್ಬರು ನನ್ನ ಅಳತಿ ನೋಡಿ.
ನನ್ನ ಬಳಿ ನಾನಽ ಇಟಗೊಳ್ಳಾಕಿ, ಕತ್ತಲದಾಗೂ.
ಏನು ಮಾಡಬೇಕು ತಿಳೀದಽ
ಅತ್ತಾಗ ನೋಡಿದೆ.

ಹಾವೇರಿ ಬಸ್ಸು ತಡಸ ದಾಟೂಮುಂದ
ಬಾಜೂಕ ಕುಂತಾಕಿ ಕೇಳಿದಳು, "ಟೈಮ್ ಎಷ್ಟಾತ್ರಿ ಅಕ್ಕಾ?"
ಕೈ ಮುಂದ ಮಾಡಿದೆ.
ಬಗ್ಗಿ ನೋಡಿದಳು, ಬೆರಳಿಲೆ ಸವರಿದಳು.
"ಚಲೋ ಐತ್ರಿ," ಅಂದಳು,
"ಎಷ್ಟು ಕೊಟ್ರಿ?"