ಮುಂಗಡ ಐನೂರು

ನಮ್ಮ ಅಂಗಡಿಯಲ್ಲಿ "ಬನ್ನಿ" ಅನ್ನುವುದಿಲ್ಲ.
ಹೊರಡುವವರೂ "ಬರ್ತೀವಿ" ಅನ್ನುವುದಿಲ್ಲ.
ಬೊಂಬೂ ಬಜಾರಿನ ಮೂಲೆ, ಏಣಿ ಮಾರುವವರ ಪಕ್ಕ.
ಒಂದೇ ಮೆಳೆಯ ಬಿದಿರು,
ಅಲ್ಲಿ ನಿಂತರೆ ಏಣಿ, ಇಲ್ಲಿ ಮಲಗಿದರೆ ಚಟ್ಟ.
ಇದು ಮಾವನ ಮಾತು. ಕುಡಿದ ದಿನ ಮಾತ್ರ ಹೇಳುತ್ತಿದ್ದ.

ಆಗ ಚಟ್ಟಕ್ಕೆ ಯಾರೂ ಚೌಕಾಸಿ ಮಾಡುತ್ತಿರಲಿಲ್ಲ,
ಚಿಲ್ಲರೆಗೆ ಕೈ ಒಡ್ಡುತ್ತಿರಲಿಲ್ಲ,
ಸಾವಿನ ಅಂಗಡಿಯ ಕಾಸು ಹೊಸಿಲು ದಾಟಬಾರದು.
ನನ್ನ ಗಂಡ ಪಿಯುಸಿವರೆಗೆ ಓದಿದ್ದು
ಜನ ಬಿಟ್ಟುಹೋದ ಆ ಚಿಲ್ಲರೆಯಲ್ಲೇ.

ಈಗ ಸ್ಕ್ಯಾನು. ಎಷ್ಟೋ ಅಷ್ಟೇ.
ಹೆಣ್ಣುಮಗಳೊಬ್ಬಳು ಬಾಗಿಲಿಗೊರಗಿ ಬಿಕ್ಕುವಾಗ
ಡಬ್ಬಿ ಕೂಗುತ್ತದೆ:
"ಮೂರು ಸಾವಿರದ ಇನ್ನೂರು ರೂಪಾಯಿ ಸ್ವೀಕರಿಸಲಾಗಿದೆ."
ಅದರ ಬಾಯಿಗೆ ಹತ್ತಿ ತುರುಕಿದ್ದೇನೆ.
ಹತ್ತಿಗೇನು ಕೊರತೆ ನಮ್ಮಲ್ಲಿ.

ದೊಡ್ಡಾಸ್ಪತ್ರೆಯ ಗೇಟಿನಲ್ಲಿ "ಸದ್ಗತಿ"ಯ ಹುಡುಗರು,
ಇಸ್ತ್ರಿ ಅಂಗಿ, ಕೊರಳಿಗೆ ಟ್ಯಾಗು.
ಬೆಳ್ಳಿ ಪ್ಯಾಕೇಜು, ಬಂಗಾರದ ಪ್ಯಾಕೇಜು,
ಗಾಜಿನ ಪೆಟ್ಟಿಗೆಯಿಂದ ಹಿಡಿದು
ಪಶ್ಚಿಮವಾಹಿನಿಯಲ್ಲಿ ಬೂದಿ ಬಿಡುವ ತನಕ ಅವರದೇ ಹೊಣೆ,
ತಿಥಿಯೂಟಕ್ಕೆ ರಿಯಾಯಿತಿ ಬೇರೆ.
ನಾನೂ ಸಾಲ ಮಾಡಿ ಒಂದು ಫ್ರೀಜರ್ ತಂದೆ.
ಕಂತು ತಪ್ಪಿದರೆ ಬ್ಯಾಂಕಿನ ಹುಡುಗನ ಫೋನು:
"ಬಿಸಿನೆಸ್ ಡಲ್ಲಾ ಮೇಡಂ?"
ಏನನ್ನಲಿ. ಎಲ್ಲರೂ ಚೆನ್ನಾಗಿದ್ದಾರಪ್ಪ.

ಇಂಥದರಲ್ಲಿ ಸಿಂಗ್ರಯ್ಯ ಬಂದರು.
ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು.
ಜೇಬಿನಿಂದ ಸ್ವಂತ ಟೇಪು ತೆಗೆದು
"ಬರ್ಕೊಳಮ್ಮ. ಐದಡಿ ಏಳಿಂಚು.
ಹೆಗಲಿಗೆ ಅಂತ ಮೇಲೆ ಒಂದೂವರೆ ಅಡಿ."
"ಯಾರಿಗೆ?"
"ನನಗೇ."
ಹತ್ತು ಬಿದಿರು ಬೆರಳಲ್ಲಿ ತಟ್ಟಿ ಎರಡು ಆರಿಸಿದರು.
"ಗಾಜು ಬೇಡ, ಚಕ್ರ ಬೇಡ.
ಮೂವತ್ತೆಂಟು ವರ್ಷ ಚಕ್ರಕ್ಕೇ ದುಡಿದಿದ್ದೀನಿ.
ಬೀದಿ ತಿರುವಿನ ತನಕವಾದರೂ
ನಾಲ್ಕು ಜನ ಹೊರಲಿ."
ಮುಂಗಡ ಐನೂರು. ರಸೀದಿ ಕೇಳಿ ಪಡೆದರು.

ಆಮೇಲೆ ಪ್ರತಿ ತಿಂಗಳು, ಪಿಂಚಣಿಯ ಮಾರನೇ ದಿನ,
ಹುಳ ಹೊಡೆದಿಲ್ಲ ತಾನೆ? ರೇಟು ಏರಿಲ್ಲ ತಾನೆ?
ಕಾಫಿ ಕುಡಿದು,
ಗೊರಗೊರ ಅನ್ನುವ ಫ್ರೀಜರಿಗೆ ಡಾಕ್ಟರಂತೆ ಕಿವಿಯಿಟ್ಟು,
ಎಲ್ಲೋ ಒಳಗೆ ಕೈಹಾಕಿ ಒಂದು ನಟ್ಟು ಬಿಗಿದು,
"ಬರ್ತೀನಮ್ಮ" ಅನ್ನುತ್ತಿದ್ದರು.
ಬಾಯಿ ತಪ್ಪಿ ಅಲ್ಲ, ಬೇಕಂತಲೇ.
ಮೊದಲ ಸಲ ನನಗೆ ಮೈ ಜುಮ್ಮೆಂದಿತು.
ಮೂರನೇ ಸಲವೋ ನಾಲ್ಕನೆಯದೋ,
"ಬನ್ನಿ" ಅಂದುಬಿಟ್ಟೆ.

ಆಷಾಢದಲ್ಲಿ ಬರಲಿಲ್ಲ.
ಏಣಿ ಅಂಗಡಿಯ ಮುಜೀಬಣ್ಣ ತಡವಾಗಿ ಹೇಳಿದ:
ಸದ್ಗತಿಯ ಗಾಡಿ, ಬಂಗಾರದ ಪ್ಯಾಕೇಜು,
ವಿದ್ಯುತ್ ಚಿತಾಗಾರ.

ಶ್ರೀರಾಂಪುರದ ಮನೆ ಹುಡುಕಿ
ಐನೂರರ ನೋಟು ಹಿಡಿದು ಗೇಟಿನ ಹೊರಗೇ ನಿಂತೆ.
ಮಗಳು ರಸೀದಿಯ ನಕಲನ್ನು ಎರಡು ಸಲ ಓದಿದಳು.
"ಅಪ್ಪ ನಿಮ್ಮಲ್ಲಿಗೆ ಬರ್ತಿದ್ರಾ?
ಲೈಬ್ರರಿಗೆ ಅಂತ ಹೇಳೋರು."
ಸ್ವಲ್ಪ ಹೊತ್ತು ಬಿಟ್ಟು,
"ಬೆಂಕಿ ಇಟ್ಟಿದ್ದು ನಾನೇ. ಹೆಣ್ಣು ಇಡಬಾರದು ಅಂತ
ದೊಡ್ಡಪ್ಪ ಜಗಳ ಆಡಿದ್ರು.
ಬೆಂಕಿ ಏನು ಬಂತು, ಹಸಿರು ಗುಂಡಿ ಒತ್ತಿದ್ದು."
ಹೆಬ್ಬೆರಳನ್ನೇ ನೋಡಿಕೊಂಡಳು.
ನೋಟು ಚಾಚಿದೆ. ಒಂದು ಹೆಜ್ಜೆ ಹಿಂದೆ ಸರಿದಳು.
"ಬೇಡಿ. ಆ ದುಡ್ಡು ಮನೆಯೊಳಗೆ ಬೇಡ."

ಮಾರ್ಚಿಯಲ್ಲಿ ಲೆಕ್ಕ ಬರೆಯುವ ಹುಡುಗ ಕೇಳುತ್ತಾನೆ,
"ಈ ಐನೂರು ಆದಾಯವಾ, ಸಾಲವಾ?"
ಮುಂದಿನ ಪುಸ್ತಕಕ್ಕೆ ಎತ್ತಿ ಬರಿ ಅಂದೆ.
ಅಟ್ಟದ ಮೇಲಿನ ಎರಡು ಗಳು ಹಳದಿಗಟ್ಟಿವೆ.
ಒಳ್ಳೇ ಏಣಿಯಾಗುತ್ತೆ ಕೊಡಕ್ಕಾ ಅಂತ ಮುಜೀಬಣ್ಣ
ಎರಡು ಸಲ ಕೇಳಿದ.

ಫ್ರೀಜರು ಮತ್ತೆ ಗೊರಗೊರ ಶುರುಮಾಡಿದೆ.
ಕೈಹಾಕಿ ತಡಕುತ್ತೇನೆ.
ಯಾವ ನಟ್ಟು ಅಂತ ಕೇಳಿಟ್ಟುಕೊಳ್ಳಬೇಕಿತ್ತು.