ಕೋರುಪಾಲು

ವೇಲ್ಸಿನ ಆ ಅಳಿವೆಯಲ್ಲಿ ಇಳಿತದ ಹೊತ್ತಿಗೆ
ಮೂರು ಮೈಲು ಮರಳು ಬೆತ್ತಲಾಗುತ್ತದೆ.
ನೆರಿಸ್ ಪ್ರಾಬರ್ಟ್ ನಲವತ್ತು ವರ್ಷ ಅಲ್ಲಿ
ಸೊಂಟ ಬಗ್ಗಿಸಿ, ಕುಂಟೆ ಎಳೆದು
ಕಪ್ಪೆಚಿಪ್ಪು ಹೆಕ್ಕಿದವಳು.
ಸಣ್ಣದನ್ನು ಜರಡಿಯಿಂದ ಮರಳಿಗೇ ಬಿಟ್ಟು
ದೊಡ್ಡದನ್ನಷ್ಟೇ ಚೀಲಕ್ಕೆ ತುಂಬಿದವಳು.

ಒಂದು ಮೇ ತಿಂಗಳು ಚಿಪ್ಪುಗಳೆಲ್ಲ ತಾವಾಗಿಯೇ
ಮೇಲೆ ಬಂದು, ಬಾಯಿ ತೆರೆದು ಮಲಗಿದವು.
ಹೊಳೆಯ ಮೇಲ್ದಂಡೆಯಲ್ಲಿ ಬಣ್ಣದ ಕಾರ್ಖಾನೆ.
ಎಲ್ಲರಿಗೂ ಗೊತ್ತಿತ್ತು.
ಗೊತ್ತಿರುವುದು ಬೇರೆ, ರುಜುವಾತು ಬೇರೆ;
ರುಜುವಾತಿಗೆ ಗಂಟೆಗೆ ಆರುನೂರು ಪೌಂಡು.

ಇಪ್ಪತ್ತಾರು ಮನೆಯವರು ಚಾಪೆಲ್ಲಿನ ಹಿಂಗೋಣೆಯಲ್ಲಿ ಕೂತು
ಬಿಸ್ಕತ್ತಿನ ಡಬ್ಬಿಗೆ ಚಂದಾ ಹಾಕಿದರು.
ಅದು ನೀರಿನ ಪರೀಕ್ಷೆಗೂ ಸಾಲಲಿಲ್ಲ.
ಸೋತರೆ ಎದುರಾಳಿಯ ವಕೀಲರ ಖರ್ಚೂ ನಿಮ್ಮ ತಲೆಗೇ
ಎಂದಾಗ ಹನ್ನೊಂದು ಮನೆ ಕೋಟು ಹಾಕಿಕೊಂಡು ಎದ್ದವು.

ಆಗ ಲಂಡನ್ನಿನಿಂದ ಬಂದಳು ಇಮೋಜನ್ ಸ್ಟ್ರಾಕ್,
ಕೆಸರು ಕಾಣದ ಬೂಟಿನಲ್ಲಿ.
ಒಳ್ಳೆಯವಳೇ. ಚಹಾ ಎರಡು ಸಲ ಕುಡಿದಳು.
ನಿಮ್ಮ ಮೊಕದ್ದಮೆಗೆ ನಮ್ಮ ನಿಧಿ ಹಣ ಹೂಡುತ್ತದೆ,
ಸೋತರೆ ಒಂದು ಪೆನ್ನಿಯೂ ಬೇಡ,
ಗೆದ್ದರೆ ಹೂಡಿದ್ದರ ಮೂರರಷ್ಟು ಮೊದಲು ನಮಗೆ.
ಅವಳ ಫೈಲಿನಲ್ಲೊಂದು ಅಂಕಣ:
ನೂರಕ್ಕೆ ಅರವತ್ತೆರಡು.
ನಾವು ಹೇಳೋದು ಎಷ್ಟು ನಿಜ ಅಂತಲಾ ಅದು?
ಕೇಳಿದಳು ನೆರಿಸ್.
ಅಲ್ಲ, ಎಂದಳು ಇಮೋಜನ್. ಎಷ್ಟಕ್ಕೆ ಕೊಳ್ಳಬಹುದು ಅಂತ.

ಕಾನೂನಿಗೂ ನೆನಪಿದೆ: ಒಂದು ಕಾಲಕ್ಕೆ ಅದೇ ನೆಲದಲ್ಲಿ
ಪರರ ವ್ಯಾಜ್ಯಕ್ಕೆ ಎಣ್ಣೆ ಹೊಯ್ದು
ಗೆದ್ದ ಹೊಲದಲ್ಲಿ ಪಾಲು ಕೇಳುವವನು ಅಪರಾಧಿ.
ಪ್ರಭುಗಳು ಬಡವರ ಜಗಳ ಕೊಂಡು
ಕಟಕಟೆಯನ್ನೇ ಹೆದರಿಸುತ್ತಿದ್ದ ಕಾಲ.
ಈಗ ಆ ಕೋರುಪಾಲಿಗೆ ಗಾಜಿನ ಕಟ್ಟಡ, ವಾರ್ಷಿಕ ವರದಿ.
ನಾನು ಹಳಿಯಲಾರೆ: ಆ ಹಣವಿಲ್ಲದಿದ್ದರೆ
ನ್ಯಾಯಾಲಯದ ಬಾಗಿಲಿನ ಹಿತ್ತಾಳೆ ಹಿಡಿ
ನೆರಿಸಳ ಕೈಗೆ ಎಟುಕುತ್ತಲೇ ಇರಲಿಲ್ಲ.

ಗೆದ್ದವನು ಸೋತ, ಸೋತವನು ಸತ್ತ
ಎನ್ನುವ ನಮ್ಮ ಗಾದೆ
ಇಬ್ಬರನ್ನಷ್ಟೇ ಎಣಿಸಿತ್ತು.

ನಾಲ್ಕು ವರ್ಷ. ತಜ್ಞರು, ತಜ್ಞರಿಗೆ ಉತ್ತರಿಸುವ ತಜ್ಞರು.
ವಿಚಾರಣೆಗೆ ಒಂಬತ್ತು ದಿನ ಇರುವಾಗ
ಕಾರ್ಖಾನೆ ಒಂದು ಮೊತ್ತ ಹೇಳಿತು.
ತಪ್ಪೊಪ್ಪಿಗೆ ಇಲ್ಲ. ಯಾರೂ ಬಾಯಿ ಬಿಡುವಂತಿಲ್ಲ.
ನಿರ್ಧಾರ ನಿಮ್ಮದೇ, ಎಂದರು ವಕೀಲರು;
ಒಪ್ಪದಿದ್ದರೆ ನಿಧಿ ಹಿಂದೆ ಸರಿಯಬಹುದು, ಎಂದೂ ಎಂದರು
ಅದೇ ಉಸಿರಿನಲ್ಲಿ.

ಅವಳಿಗೆ ಬೇಕಿದ್ದದ್ದು ಒಂದು ವಾಕ್ಯ.
ನಿಲುವಂಗಿ ತೊಟ್ಟ ಯಾರಾದರೂ ಗಟ್ಟಿಯಾಗಿ
ಇವರು ಕೊಂದರು ಎನ್ನಬೇಕಿತ್ತು.
ಅದಕ್ಕೆ ಆ ಫೈಲಿನಲ್ಲಿ ಅಂಕಣವಿರಲಿಲ್ಲ.

ಮೊದಲು ನಿಧಿ, ಆಮೇಲೆ ವಿಮೆ, ಆಮೇಲೆ ವಕೀಲರು.
ಈ ಸಲ ಜರಡಿ ಹಿಡಿದದ್ದು ಬೇರೆ ಕೈ.
ತೂತಿನಲ್ಲಿ ಇಳಿದು ಬಂದದ್ದು
ಮನೆಗೆ ನಾಲ್ಕು ಸಾವಿರದ ಮುನ್ನೂರ ಹನ್ನೆರಡು ಪೌಂಡು.

ಕ್ರಿಸ್ಮಸ್ಸಿಗೆ ಸ್ವಾನ್ಸೀಯಿಂದ ತಂಗಿ ಎಲೆರಿ ಬಂದಳು,
ನಿವೃತ್ತ ದಂತವೈದ್ಯೆ.
ಪಿಂಚಣಿ ಫಂಡಿನ ಕಾಗದ ಮೇಜಿನ ಮೇಲಿಟ್ಟಳು:
ಈ ವರ್ಷ ಪರವಾಗಿಲ್ಲ ಕಣೇ, ಒಂಚೂರು ಹೆಚ್ಚೇ ಬಂತು.
ಸಣ್ಣಕ್ಷರದಲ್ಲಿ, ಹದಿನಾಲ್ಕನೆಯ ಸಾಲು:
ವ್ಯಾಜ್ಯ ಹೂಡಿಕೆ, ಶೇಕಡಾ ಎರಡು.
ನಿಧಿಯ ಹೆಸರು ನೆರಿಸಳಿಗೆ ಗುರುತಿನದೇ.
ಕನ್ನಡಕ ಒರೆಸಿ ಮತ್ತೊಮ್ಮೆ ಓದಿದಳು.
ಹೇಳುವಂತಿಲ್ಲ; ಸಹಿ ಹಾಕಿದ್ದಾಳೆ.

ಆ ಹೆಚ್ಚಿಗೆ ಬಂದದ್ದರಲ್ಲೇ ತಂಗಿ
ಅಕ್ಕನಿಗೆ ಹೊಸ ರಬ್ಬರ್ ಬೂಟು ತಂದಿದ್ದಳು.
ಹಾಕಿ ನೋಡಿದಳು. ಹಿಮ್ಮಡಿ ಕೊಂಚ ಬಿಗಿ.
ನಡೀತಾ ನಡೀತಾ ಸಡಿಲಾಗುತ್ತೆ, ಎಂದಳು ಎಲೆರಿ.